ಜವರಪ್ಪನಿಗೆ ಬಾರದ ಲಿನಕ್ಸ್

ಶಾಂತಿಗ್ರಾಮದಿಂದ ಒಳಕ್ಕೆ ಎರಡು ಮೈಲಿ ಹೋದರೆ ಸಿಗುವ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಅಂದು ನಾವು ನಾಲ್ವರಿದ್ದೆವು: ಮುಖ್ಯೋಪಾಧ್ಯಾಯಿನಿ ಸುಮಿತ್ರಮ್ಮ, ಜವಾನ ಪುಟ್ಟಯ್ಯ, ನಿವೃತ್ತ ಗಣಿತ ಮೇಷ್ಟರಾದ ನಾನು, ಮತ್ತು ಮನೆಯಲ್ಲಿ ಹೊತ್ತು ಹೋಗದೆ ನನ್ನ ಜೊತೆ ಬಂದಿದ್ದ ಗೆಳೆಯ ಜವರಪ್ಪ. ಅವನು ಡ್ರಿಲ್ ಮೇಷ್ಟರಾಗಿದ್ದವನು. ಲಿನಕ್ಸ್ ಎಂದರೆ ಯಾವುದೋ ಕೆಮ್ಮಿನ ಔಷಧಿ ಎಂದುಕೊಂಡಿದ್ದವನು. ಅಂಥವನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದವರೆಗೆ ಎಷ್ಟೋ ಶಾಲೆಗಳ ಮುದಿ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಜೀವ ಕೊಟ್ಟವನು ನಾನು. 'ಲಿನಕ್ಸ್ ಮೇಷ್ಟ್ರು' ಎಂದೇ ನನಗೆ ಹೆಸರು. ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಮರ್ಯಾದೆ ಅದೊಂದೇ.

ಲಿನಕ್ಸಿನ ಸ್ವಭಾವ ನಮ್ಮಜ್ಜಿಯದು. ಹೇಳಿದ ಕೆಲಸ ಸರಿಯಾಗಿ ಆದರೆ ತುಟಿ ಬಿಚ್ಚುವುದಿಲ್ಲ. ತಪ್ಪಿದರೆ ಮಾತ್ರ ಮಾತು. ಪಾಸ್‌ವರ್ಡ್ ವಿಷಯದಲ್ಲಂತೂ ಇನ್ನೂ ಬಿಗಿ. ಕಪ್ಪು ಪರದೆಯಲ್ಲಿ ಅದನ್ನು ಟೈಪ್ ಮಾಡಿದರೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಒತ್ತಿದ್ದೇನು, ಬಿದ್ದದ್ದೇನು ಎಂದು ತಿಳಿಯುವ ಬಗೆಯಿಲ್ಲ.

ಅಂದು ಹೊಸ ಪ್ರಿಂಟರ್ ಜೋಡಿಸಬೇಕಿತ್ತು. ಮರುದಿನ ಪರೀಕ್ಷೆ, ಪ್ರಶ್ನೆಪತ್ರಿಕೆ ಇನ್ನೂ ಕಂಪ್ಯೂಟರಿನೊಳಗೇ ಇತ್ತು. ನಾನು ಕಮಾಂಡು ಕೊಟ್ಟೆ. ಅದು ಪಾಸ್‌ವರ್ಡ್ ಕೇಳಿತು. ಸುಮಿತ್ರಮ್ಮ ಬರೆದುಕೊಟ್ಟಿದ್ದನ್ನೇ ಹೊಡೆದೆ, ತಪ್ಪು ಎಂದಿತು. ಹತ್ತು ಸಲ ಹೊಡೆದೆ, ಹತ್ತು ಸಲವೂ ತಪ್ಪು. ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೇ ನೋಡಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಮೊಬೈಲಿನಲ್ಲಿ ಯಾವ್ಯಾವುದೋ ದೇಶದವರ ಸಲಹೆ ಓದಿದೆ. ಕೊನೆಗೆ ಗಂಭೀರವಾಗಿ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ ಎಂದೆ. ಸುಮಿತ್ರಮ್ಮನ ಮುಖ ಇಳಿದುಹೋಯಿತು.

ಅಷ್ಟು ಹೊತ್ತೂ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಜವರಪ್ಪ ಕೀಲಿಮಣೆ ತೋರಿಸಿ ಪುಟ್ಟಯ್ಯನನ್ನು ಕೇಳಿದ: "ಆಯುಧಪೂಜೇಲಿ ಇದ್ಕೂ ಪೂಜೆ ಮಾಡಿದ್ಯೇನ್ಲಾ?"

"ಮಾಡ್ದೆ ಇರಕಾಯ್ತದಾ ಸಾ? ನಾಕು ಮೂಲೆಗೂ ಅರಿಶಿನ ಕುಂಕುಮ ಕಲಸಿ ಇಟ್ಟಿವ್ನಿ."

ಆ ಬೊಟ್ಟುಗಳನ್ನು ನಾನೂ ಬೆಳಗಿನಿಂದ ನೋಡಿದ್ದೆ. ಭಕ್ತಿ ಎಂದುಕೊಂಡು ಸುಮ್ಮನಿದ್ದೆ. ಎಡಗಡೆ ಕೆಳಮೂಲೆಯ ಬೊಟ್ಟು, ದೊಡ್ಡಕ್ಷರ ಮೂಡಿಸುವ ಶಿಫ್ಟ್ ಕೀಲಿಯ ಸಂದಿಗೆ ಇಳಿದು ಒಣಗಿ, ಕೀಲಿ ಪೂರ್ತಿ ಒತ್ತದಂತೆ ಮಾಡಿತ್ತು. ಪಾಸ್‌ವರ್ಡಿನ ಮೊದಲಕ್ಷರ ಇಂಗ್ಲಿಷಿನ ದೊಡ್ಡಕ್ಷರ, ನಾನು ಒತ್ತುವುದು ಎಡಗಡೆಯ ಶಿಫ್ಟನ್ನೇ. ಕಮಾಂಡುಗಳೆಲ್ಲ ಸಣ್ಣ ಅಕ್ಷರದವು, ಹಾಗಾಗಿ ಅವುಗಳಿಂದ ಗುಟ್ಟು ಬಯಲಾಗಿರಲಿಲ್ಲ. ಜವರಪ್ಪ ಟವೆಲ್ಲಿನ ಒದ್ದೆ ತುದಿಯಿಂದ ಒರೆಸಿ, ಉಗುರಿನಿಂದ ಕೆರೆದ. ಹನ್ನೊಂದನೆಯ ಸಲಕ್ಕೆ ಲಿನಕ್ಸ್ ಮೌನವಾಗಿ ಒಪ್ಪಿಕೊಂಡಿತು.

ಸುಮಿತ್ರಮ್ಮ ಕಾಫಿಯನ್ನು ಮೊದಲು ಕೊಟ್ಟದ್ದು ಅವನಿಗೆ. ನನ್ನ ಕಾಫಿಗೆ ಸಕ್ಕರೆ ಸಾಲದು ಅನ್ನಿಸಿತು. ಆಮೇಲೆ ಒಂದು ವಾರ ನಾನು ಅವನಲ್ಲಿ ತಪ್ಪು ಹುಡುಕಿದೆ. ಸಿಕ್ಕಿದ್ದು ಇಷ್ಟೇ: ನಾನು ಪರದೆಯನ್ನು ನೋಡುತ್ತೇನೆ, ಅವನು ಪರದೆಯ ಮುಂದಿರುವವರನ್ನು ನೋಡುತ್ತಾನೆ. ಇದನ್ನು ತಪ್ಪು ಎನ್ನಲು ಬಹಳ ಪ್ರಯತ್ನಪಟ್ಟೆ.

ಮುಂದಿನ ಭಾನುವಾರ ಅರಕಲಗೂಡಿನ ಕಡೆಯ ಮೇಷ್ಟರೊಬ್ಬರು ಫೋನ್ ಮಾಡಿದರು. "ನಿಮ್ ಜೊತೆ ಡ್ರಿಲ್ ಮಾಸ್ಟ್ರು ಒಬ್ರು ಬತ್ತಾರಂತಲ್ಲ ಸಾ, ಅವ್ರನ್ನ ಸ್ವಲ್ಪ ಕಳಿಸ್ಕೊಡಿ," ಎಂದರು. ಅವರು ಊರಲ್ಲಿಲ್ಲ ಎಂದೆ.

ನನ್ನ ಪಕ್ಕದಲ್ಲೇ ಕೂತು ನನ್ನ ಹೆಂಡತಿ ಮಾಡಿದ ರೊಟ್ಟಿ ತಿನ್ನುತ್ತಿದ್ದ ಜವರಪ್ಪ ಕೇಳಿದ: "ನಾನೆಲ್ಲಿಗೋಗಿವ್ನಿ, ಏಳ್ಲಾ?"

ನಾನು ಮತ್ತೆ ಫೋನ್ ಮಾಡಿ, ಬಂದಿದ್ದಾರೆ ಎಂದೆ. ಮರುದಿನ ಇಬ್ಬರೂ ಅರಕಲಗೂಡಿನ ಬಸ್ಸು ಹತ್ತಿದೆವು. ಅಲ್ಲಿ ಅವನು ಜನರನ್ನು ಒಂದೊಂದೇ ಪ್ರಶ್ನೆ ಕೇಳುತ್ತ ಹೋದ, ನಾನು ಟೈಪ್ ಮಾಡುತ್ತ ಹೋದೆ.