ತವರಿನ ಎರೆಹುಳ

ಸಮುದ್ರವನ್ನು ಹಿಂದಕ್ಕೆ ತಳ್ಳಿ ಮಾಡಿದ ಫ್ಲೇವೊಲಾಂಡಿನ ನೆಲಕ್ಕೆ ಆಲ್ತ್ಯೆ ಮದುವೆಯಾಗಿ ಬಂದಾಗ ಮನೆ, ರಸ್ತೆ, ಸೇಬಿನ ಗಿಡ ಎಲ್ಲವೂ ಹೊಸದು. ಎರೆಹುಳ ಮಾತ್ರ ಒಂದೂ ಇರಲಿಲ್ಲ. ಸಮುದ್ರದ ತಳಕ್ಕೆ ಎಲ್ಲಿಂದ ಬರಬೇಕು? ಉದುರಿದ ಎಲೆ ಕೊಳೆಯದೆ ಕಂಬಳಿಯ ಹಾಗೆ ಬಿದ್ದಿರುತ್ತಿತ್ತು. ಅದರಲ್ಲಿ ಅಡಗಿದ್ದ ಕಜ್ಜಿರೋಗ ವಸಂತ ಬಂತೆಂದರೆ ಮತ್ತೆ ಮರ ಹತ್ತುತ್ತಿತ್ತು. ಮೂರು ವರ್ಷವೂ ಹಣ್ಣಿನ ತುಂಬ ಕಪ್ಪು ಕಲೆ.

"ಈ ಚಳಿಗಾಲ ಕಳೆದ್ರೂ ಎಲೆ ಹೀಗೇ ಬಿದ್ದಿದ್ರೆ, ಮರ ಕಡಿದು ಆಲೂಗಡ್ಡೆ ಹಾಕ್ತೀನಿ," ಎಂದ ಗಂಡ ಬೆರೆಂಡ್.

ಆಲ್ತ್ಯೆ ತವರಿಗೆ ಓಡಿದಳು. ತಾಯಿ ಮಗಳಿಬ್ಬರೂ ಹಳೇ ಹುಲ್ಲುಗಾವಲಿನಿಂದ ಹುಳುಗಳ ಸಮೇತ ಹುಲ್ಲಿನ ಹೆಂಟೆ ಕತ್ತರಿಸಿ ವ್ಯಾನಿಗೆ ತುಂಬಿದರು.

"ಹುಳ ಒಂದೇ ಬರಲ್ಲ ಮಗಳೇ. ಕಣ್ಣಿಗೆ ಕಾಣದ ಸಂಸಾರಾನೇ ಹೊಟ್ಟೇಲಿ ಹೊತ್ಕೊಂಡು ಬರುತ್ತೆ," ಎಂದಳು ಅಮ್ಮ.

"ಊರ ಹೆಣ್ಮಕ್ಕಳು ತವರಿಂದ ಬೆಳ್ಳಿ ಚಮಚ ತಂದ್ರೆ, ನನ್ನವಳು ಹುಳ ತಂದ್ಲಪ್ಪ!" ವ್ಯಾನು ಮನೆಗೆ ಬಂದಾಗ ಬೆರೆಂಡ್ ನಕ್ಕ.

ಮೊದಲ ಸಾಲಿನ ಮರಗಳ ಬುಡದಲ್ಲಿ ಹೆಂಟೆಗಳನ್ನು ಊರಿದ್ದಾಯಿತು. ಅಂದಿನಿಂದ ಆಲ್ತ್ಯೆಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಗಿನ ಕಾಫಿಗೂ ಮೊದಲೇ ಸಲಿಕೆ ಹಿಡಿದು ಹೆಂಟೆ ಎತ್ತಿ ನೋಡುವಳು. ಮೂರನೇ ವಾರ ಒಂದು ಹುಳವೂ ಕಾಣಲಿಲ್ಲ. ಅಮ್ಮನಿಗೆ ಫೋನು ಮಾಡಿದಳು.

"ಕಾವಿಗೆ ಕೂತ ಕೋಳೀನ ದಿನಾ ಎಬ್ಬಿಸಿದ್ರೆ ಮರಿ ಆಗುತ್ತೇನೇ? ಮೊದ್ಲು ಆ ಸಲಿಕೆ ಮೂಲೆಗಿಡು!"

ಇಟ್ಟಳು. ಹಿಮ ಬಿತ್ತು. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತ, ಕಿಟಕಿಗೆ ಹೋಗಿ ಬಂದು ಮಾಡುತ್ತ ಚಳಿಗಾಲ ಕಳೆದಳು.

ಮಾರ್ಚಿನ ಒಂದು ಬೆಳಗ್ಗೆ ತೋಟದ ಆ ಕೊನೆಯಿಂದ ಗರಗಸದ ಸದ್ದು ಕೇಳಿತು. ಆಲ್ತ್ಯೆ ಮರದ ಪಾದುಕೆ ಕಳಚಿ ಹಾಕಿ ಕಾಲುಚೀಲದಲ್ಲೇ ಮೊದಲ ಸಾಲಿಗೆ ಓಡಿ ಮಂಡಿಯೂರಿದಳು. ಸುರುಳಿ ಸುತ್ತಿದ ಒಂದು ಎಲೆ, ಯಾರೋ ಒಳಗಿನಿಂದ ಎಳೆಯುತ್ತಿರುವ ಹಾಗೆ, ತೊಟ್ಟು ಕೆಳಗಾಗಿ ನೆಲದಲ್ಲಿ ನಾಟಿಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು. ಸುತ್ತ ಎಲೆಗಳ ಕಂಬಳಿ ಮಾಯವಾಗಿ ಕಪ್ಪು ಮಣ್ಣು, ಅದರ ಮೇಲೆ ಹುಳುಗಳ ಹಿಕ್ಕೆಯ ಸಣ್ಣ ಸಣ್ಣ ಗುಪ್ಪೆ.

"ಬೆರೆಂಡ್! ನಿಲ್ಸೋ!"

ಅಷ್ಟರಲ್ಲಿ ಮೂರು ಮರ ಉರುಳಿದ್ದವು. ಬೆರೆಂಡ್ ಬಂದು ನೋಡಿದ, ಕಪ್ಪು ಮಣ್ಣಿದ್ದಷ್ಟು ಜಾಗವನ್ನು ಹೆಜ್ಜೆ ಹಾಕಿ ಅಳೆದ.

"ನಾಲ್ಕೇ ಹೆಜ್ಜೆ ಕಣೇ. ತೋಟ ಮುನ್ನೂರು ಹೆಜ್ಜೆ ಇದೆ."

"ಹಾಗಾದ್ರೆ ವ್ಯಾನಿನ ಕೀ ಕೊಡು."

ಈ ಸಲ ಅವನು ನಗಲಿಲ್ಲ. ಗರಗಸವನ್ನು ಕೊಟ್ಟಿಗೆಯ ಗೋಡೆಗೆ ತೂಗುಹಾಕಿ, ತಾನೇ ವ್ಯಾನು ಹತ್ತಿದ. ತವರಿನಿಂದ ಮರಳುವ ದಾರಿಯಲ್ಲಿ ಆಲ್ತ್ಯೆ ಮೂರು ಸಲ ಗಾಡಿ ನಿಲ್ಲಿಸಲು ಹೇಳಿ, ಹೊಸ ಹೆಂಟೆಗಳ ಮೇಲೆ ಹೊದಿಸಿದ್ದ ಗೋಣಿ ಎತ್ತಿ, ಮಣ್ಣು ಹಸಿಯಾಗಿದೆಯೇ ಎಂದು ಮುಟ್ಟಿ ನೋಡಿದಳು.