ಸೊಸೆಗೆ ಮೊದಲ ಎಲೆ

ಮೂಡುಬಿದಿರೆಯ ಆ ಜೈನರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಸೊಸೆ ಮರುದೇವಿ ಹನ್ನೊಂದು ಮಂದಿಗೆ ಅಡುಗೆ ಮಾಡಿ, ಬಡಿಸಿ, ತಾನು ಕೂರುವಷ್ಟರಲ್ಲಿ ಹೆಚ್ಚಿನ ದಿನ ಕತ್ತಲಾಗುತ್ತಿತ್ತು. ಅವಳು ಹಸಿದೇ ಮಲಗುತ್ತಿದ್ದಳು. "ನಮ್ಮ ಸೊಸೆಯದ್ದು ದೊಡ್ಡ ವ್ರತ" ಎಂದು ಅತ್ತೆ ಊರೆಲ್ಲ ಹೊಗಳುತ್ತಿದ್ದರು. 1958ರಲ್ಲಿ ಹೆರಿಗೆಯಾಗಿ ಮೂರು ತಿಂಗಳಿಗೇ ಅವಳ ಎದೆಹಾಲು ಬತ್ತತೊಡಗಿತು. ಮಗು ದಿನವಿಡೀ ಅಳುತ್ತಿತ್ತು.

ಬಸದಿಯ ಜಗಲಿಯಲ್ಲಿ ಹೆಂಗಸರಿಗೆ ಪುರಾಣ ಓದುತ್ತಿದ್ದ ಮುದುಕಿ ಚಂದ್ರಮತಿಯಕ್ಕನ ಬಳಿ ಮರುದೇವಿ ಇದನ್ನು ಹೇಳಿ ಅತ್ತಳು. ಮರುದಿನ ಅತ್ತೆಯೂ ಬಂದು ಕುಳಿತಿದ್ದಾಗ ಚಂದ್ರಮತಿಯಕ್ಕ ಪುಸ್ತಕ ಮುಚ್ಚಿ ಒಂದು ಕತೆ ಹೇಳಿದರು.

"ಒಬ್ಬ ಶ್ರಾವಕ ದಿನಾ ತನ್ನ ದನದ ಹಾಲು ಅಭಿಷೇಕಕ್ಕೆ ಕೊಡ್ತಿದ್ದ. ದನಕ್ಕೆ ಹುಲ್ಲು ಹಾಕ್ಲಿಕ್ಕೆ ಮಾತ್ರ ಅವನಿಗೆ ಪುರುಸೊತ್ತಿಲ್ಲ. ದನ ಬಿದ್ದಾಗ, 'ನಮ್ಮ ದನಕ್ಕೆ ಉಪವಾಸ ವ್ರತ ಉಂಟು' ಅಂದನಂತೆ. ಪುಣ್ಯ ಯಾರಿಗೆ ಬಂತು, ಹೇಳಿ ನೋಡುವ!"

ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ.

"ನಾಳೆಯಿಂದ ಬಡಿಸ್ಲಿಕ್ಕೆ ನಾನು ಬರ್ತೇನೆ ಮರುದೇವಿ, ನೀನು ಮೊದಲು ಉಣ್ಣು" ಎಂದಳು ಪಕ್ಕದ ಮನೆಯ ಗುಣವತಿ.

ಮರುದಿನ ಸಂಜೆ ಗುಣವತಿ ಬಂದಾಗ ಅಡುಗೆಮನೆಯಲ್ಲಿ ಒಂದು ಎಲೆ ಹಾಕಿಯಾಗಿತ್ತು. ಅತ್ತೆಯೇ ಅನ್ನ ಬಡಿಸುತ್ತಿದ್ದರು.

"ಕೂತ್ಕೊ" ಎಂದರು ಸೊಸೆಗೆ. "ನೆರೆಮನೆಯವರು ಬಂದು ನಿನಗೆ ಬಡಿಸುವುದು ಬೇಡ."

ಗುಣವತಿ ಹಿಂದಿರುಗಲಿಲ್ಲ, ಸಾರಿನ ಪಾತ್ರೆ ಎತ್ತಿಕೊಂಡಳು. ಗಂಡಸರು ಅಂದು ಸ್ವಲ್ಪ ಕಾದರು. ಆದರೂ ಸೂರ್ಯ ಮುಳುಗುವ ಮೊದಲೇ ಮರುದೇವಿಯೂ ಸೇರಿ ಮನೆಯ ಹನ್ನೆರಡೂ ಮಂದಿಯ ಊಟ ಮುಗಿದಿತ್ತು.