ಅರಿಷಿಣ ಹಚ್ಚಿದ ಕಾರ್ಡು

ಓದಲು ಬಾರದ ಹುಡುಗಿಯೊಬ್ಬಳು ಓಣಿಯವರ ಕಾಗದ ಓದುತ್ತಿದ್ದಳು ಎಂದರೆ ಯಾರೂ ನಂಬುವುದಿಲ್ಲ. ಆ ಹುಡುಗಿ ನಾನೇ. ಎಪ್ಪತ್ತರ ದಶಕದ ನಡುವಿನ ಮಾತು. ಇಂಡಿ ತಾಲೂಕಿನ ನಮ್ಮೂರ ಸಾಲಿಯಲ್ಲಿ ಆರನೇ ಇಯತ್ತೆಗೆ ಬಂದಿದ್ದೆ. ಪಾಠವೆಲ್ಲ ಬಾಯಿಪಾಠ ಬರುತ್ತಿತ್ತು, ಪುಸ್ತಕ ನೋಡಿ ಒಂದು ಸಾಲು ಓದಲು ಬರುತ್ತಿರಲಿಲ್ಲ.

ಅಕ್ಷರವೇ ಗೊತ್ತಿರಲಿಲ್ಲ ಅಂತಲ್ಲ. ಒಂದೊಂದಾಗಿ ತೋರಿಸಿದರೆ ಹೇಳುತ್ತಿದ್ದೆ. ಸಾಲಾಗಿ ನಿಂತ ಕೂಡಲೇ ಅವು ನನ್ನ ಮಾತು ಕೇಳುತ್ತಿರಲಿಲ್ಲ. ಮ ಅಂದುಕೊಂಡದ್ದು ವ ಆಗಿರುತ್ತಿತ್ತು. ಕೊಂಬು ಯಾರದ್ದು, ಒತ್ತು ಯಾರ ಕೆಳಗಿನದು ಎಂದು ಹುಡುಕುತ್ತ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತೇ ಹೋಗಿರುತ್ತಿತ್ತು. ಈಗ ಇದಕ್ಕೊಂದು ಹೆಸರಿದೆ. ಮೊಮ್ಮಗಳ ಶಾಲೆಯ ಟೀಚರು ಡಿಸ್ಲೆಕ್ಸಿಯಾ ಎಂದು ಮೆತ್ತಗೆ ಹೇಳಿದಾಗ ನನ್ನ ಮಗಳು ಅತ್ತಳು, ನನಗೆ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿ ಹೋಗಿತ್ತು ಈ ಹೆಸರು? ನಮ್ಮ ಕಾಲಕ್ಕೆ ದಡ್ಡಿ ಅನ್ನುವ ಹೆಸರೊಂದೇ ಇತ್ತು, ಜೊತೆಗೆ ಮಾಸ್ತರರ ಹುಣಸಿ ಬರಲಿನ ಏಟು.

ಏಟು ತಪ್ಪಿಸಿಕೊಳ್ಳುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ. ಹಿಂದೆ ಕೂತು, ಮುಂದಿನವರು ಓದಿದ್ದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು, ನನ್ನ ಪಾಳಿ ಬಂದಾಗ ಪುಸ್ತಕದ ಮೇಲೆ ಬೆರಳು ಓಡಿಸುತ್ತ ಒಪ್ಪಿಸಿಬಿಡುತ್ತಿದ್ದೆ. ಬರೆಯುವ ಪರೀಕ್ಷೆಯಲ್ಲಿ ಬಣ್ಣ ಬಯಲಾಗುತ್ತಿತ್ತು. ಐದನೇ ಇಯತ್ತೆಯಲ್ಲಿ ಒಂದು ಸಲ ನಪಾಸಾಗಿದ್ದೆ. ಇನ್ನೊಂದು ಸಲ ಹಾಗಾದರೆ ಸಾಲಿ ಬಿಡಿಸಿ ನಿಂಬಿ ತೋಟಕ್ಕೆ ಹಣ್ಣು ಆರಿಸಲು ಕಳಿಸುತ್ತೇನೆ ಎಂದು ಅಪ್ಪ ಹೇಳಿದ್ದ. ಅವ್ವ ನನ್ನ ಪರವಾಗಿ ಆಡುತ್ತಿದ್ದದ್ದು ಒಂದೇ ಮಾತು: ಓಣಿಯ ಕಾಗದ ಓದುವ ಹುಡುಗಿಯನ್ನು ಸಾಲಿ ಬಿಡಿಸುತ್ತೀರಾ?

ಓಣಿಯ ಕಾಗದ ಎಂದರೆ ಮುಖ್ಯವಾಗಿ ಪಕ್ಕದ ಮನೆಯಾಕೆಯವು, ಅವಳನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಇದ್ದೊಬ್ಬ ಮಗಳನ್ನು ಮುದ್ದೇಬಿಹಾಳದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದಳು. ಮಗಳು ನಾಲ್ಕನೇ ಇಯತ್ತೆ ಓದಿದವಳು, ತಾನೇ ಕಾರ್ಡು ಬರೆಯುತ್ತಿದ್ದಳು. ಕಾಕುವಿಗೆ ಅಕ್ಷರ ಬರುತ್ತಿರಲಿಲ್ಲ. ಗಂಡಸರ ಕೈಗೆ ಕೊಟ್ಟರೆ ಮಗಳ ಮನೆಯ ಸುದ್ದಿ ಸಂಜೆಯೊಳಗೆ ಕಟ್ಟೆ ಹತ್ತುತ್ತದೆ ಎಂದು ನನ್ನ ಹತ್ತಿರ ತರುತ್ತಿದ್ದಳು.

ನಮ್ಮ ಕಡೆ ಕಾಗದ ಓದಲು ಅಕ್ಷರ ಅಷ್ಟೇನೂ ಬೇಕಾಗುತ್ತಿರಲಿಲ್ಲ. ಶುಭ ಸುದ್ದಿಯಾದರೆ ಕಾರ್ಡಿನ ಮೂಲೆಗೆ ಅರಿಷಿಣ ಹಚ್ಚಿರುತ್ತಿದ್ದರು. ಸಾವಿನ ಸುದ್ದಿಯಾದರೆ ಮೂಲೆ ಹರಿದಿರುತ್ತಿತ್ತು, ಅದನ್ನು ಹೊಸ್ತಿಲೊಳಗೆ ತರುತ್ತಿರಲಿಲ್ಲ. ಏನೂ ಇಲ್ಲದ್ದು ಬರೀ ಕ್ಷೇಮಸಮಾಚಾರ. ಶುರು ಎಲ್ಲದಕ್ಕೂ ಒಂದೇ: ತೀರ್ಥರೂಪ ತಾಯಿಯವರ ಪಾದಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ಇತ್ತ ನಾವೆಲ್ಲ ಕ್ಷೇಮ. ಅದಷ್ಟನ್ನು ಗಟ್ಟಿಯಾಗಿ ಹೇಳಿ, ಮಳೆ, ಬೆಳೆ, ದನ ಕರು ಎಂದು ಎರಡು ಮಾತು ಸೇರಿಸಿದರೆ ಕಾಕು ತೃಪ್ತಿಯಿಂದ ಕಾರ್ಡು ಒಯ್ದು ತಂತಿಗೆ ಚುಚ್ಚಿಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಯಾರಿಗೂ ಏನೂ ಕೇಡಾಗಿರಲಿಲ್ಲ.

ಮಗಳು ಚೊಚ್ಚಿಲ ಬಸುರಿ ಎಂಬ ಸುದ್ದಿ ಆ ಊರಿಂದ ಬಂದ ಯಾರೋ ಹೇಳಿ ತಿಳಿದಿತ್ತು. ಏಳು ತಿಂಗಳಿಗೆ ಬಿದ್ದಾಗ ಒಂದು ಕಾರ್ಡು ಬಂತು. ಮೂಲೆಗೆ ಒಳ್ಳೆ ದಪ್ಪಗೆ ಅರಿಷಿಣ. ಕಾಕು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚೊಚ್ಚಿಲ ಬಾಣಂತನ ತವರಲ್ಲಿ ಆಗಬೇಕು, ಕುಬಸ, ಅಂದರೆ ಸೀಮಂತ, ಮಾಡಿಸಿ ತಾಯಿಯೇ ಹೋಗಿ ಕರೆತರಬೇಕು, ಅದು ಪದ್ಧತಿ. ಯಾವಾಗ ಬಾ ಎಂದಿದ್ದಾಳೆ ಎಂದು ಕೇಳಿದಳು. ನಾನು ಕಾರ್ಡು ನೋಡಿದೆ. ಸಣ್ಣ ಅಕ್ಷರ, ಒತ್ತೊತ್ತಾಗಿ, ಅಂಚಿನವರೆಗೂ. ಅವ್ವ ಒಳಗಿನಿಂದ ಕೇಳುತ್ತಿದ್ದಳು. ಅರಿಷಿಣ ಇದೆಯಲ್ಲ, ಒಳ್ಳೆಯದೇ ಇರುತ್ತದೆ ಎಂದುಕೊಂಡೆ. ಕುಬಸ ಅವರೇ ಮಾಡುತ್ತಾರಂತೆ, ಒಂಬತ್ತರಲ್ಲಿ ಅವರೇ ತಂದು ಬಿಡುತ್ತಾರಂತೆ, ನೀನು ಬರುವುದು ಬೇಡವಂತೆ ಎಂದು ಓದಿದೆ. ಓದಿದೆ ಎಂಬ ಮಾತು ಬಳಸಲು ಇವತ್ತಿಗೂ ನಾಚಿಕೆಯಾಗುತ್ತದೆ.

ಬೀಗರು ದೊಡ್ಡ ಮನಸ್ಸಿನವರು ಎಂದು ಕಾಕು ಓಣಿಗೆಲ್ಲ ಹೇಳಿದಳು. ಆಗಲಿ ಎಂದು ಉತ್ತರ ಬರೆ ಅಂತ ನನ್ನ ಕೈಗೆ ಒಂದು ಕಾರ್ಡು ಕೊಟ್ಟಳು. ಅದು ಖಾಲಿಯಾಗಿಯೇ ನನ್ನ ಪಾಟೀಚೀಲದಲ್ಲಿ ಉಳಿಯಿತು. ತಿಂಗಳ ಮೇಲೆ ಮತ್ತೊಂದು ಕಾರ್ಡು ಬಂತು, ಅದಕ್ಕೂ ಅರಿಷಿಣ. ಹಿಂದಿನದನ್ನೇ ಮತ್ತೆ ಹೇಳಿದೆ. ಬಸುರಿ ಹೆಂಗಸು ಏನು ಬರೆದರೂ ಅಪಶಕುನ ಆಗದಿರಲಿ ಎಂದು ಅರಿಷಿಣ ಹಚ್ಚುತ್ತಾಳೆ ಎಂಬುದು ಹನ್ನೆರಡು ವರ್ಷದ ನನಗೆ ಹೇಗೆ ತಿಳಿಯಬೇಕು?

ಆಮೇಲೆ ಬಂದದ್ದು ಕಾರ್ಡಲ್ಲ, ಒಬ್ಬ ಆಳು. ದಿನ ತುಂಬುವ ಮೊದಲೇ ಅತ್ತೆಯ ಮನೆಯಲ್ಲಿ ಹೆರಿಗೆಯಾಗಿ, ಕೂಸು ಮೂರು ದಿನ ಬದುಕಿ ಹೋಗಿತ್ತು. ಕಾಕು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ವಾರದ ಮೇಲೆ ಮಗಳನ್ನು ಕರೆದುಕೊಂಡು ಬಂದಳು. ಮೊದಲೇ ಕರೆತಂದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು. ನಾನೂ ಐವತ್ತು ವರ್ಷದಿಂದ ಹೇಳಲಾಗದೆ ಕೂತಿದ್ದೇನೆ.

ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಳು. ನಮ್ಮ ಎರಡೂ ಮನೆಗೆ ನಡುವೆ ಒಂದೇ ಗೋಡೆ, ಎಲ್ಲ ಕೇಳಿಸುತ್ತಿತ್ತು. ಕಾಕು ಊಟಕ್ಕೆ ಕರೆಯುತ್ತಿದ್ದಳು, ಎಣ್ಣೆ ಹಚ್ಚಲೇನು ಎನ್ನುತ್ತಿದ್ದಳು, ನಾನೇನು ತಪ್ಪು ಮಾಡಿದೆ ಹೇಳು ಎನ್ನುತ್ತಿದ್ದಳು. ಕರೆದರೂ ಬರಲಿಲ್ಲ ಎಂಬುದು ಮಗಳ ಸಿಟ್ಟು, ಕರೆಯಲೇ ಇಲ್ಲ ಎಂಬುದು ತಾಯಿಯ ನಂಬಿಕೆ. ನಡುವೆ ಆದದ್ದು ನನಗೊಬ್ಬಳಿಗೇ ಗೊತ್ತು. ಬಾಯಿ ಬಿಟ್ಟರೆ ನನ್ನ ಸಾಲಿ ಮುಗಿಯಿತು. ಐದು ದಿನ ಬಾಯಿ ಮುಚ್ಚಿಕೊಂಡೇ ಇದ್ದೆ, ಅದನ್ನೂ ಹೇಳಿಬಿಡಬೇಕು. ಆರನೆಯ ದಿನ ಸಾಲಿಯಿಂದ ಬಂದು, ಚೀಲ ಇಡದೆ, ಸೀದಾ ಅವರ ಮನೆಗೆ ಹೋದೆ.

ಕಾಕು ಒಲೆಯ ಮುಂದಿದ್ದಳು. ಮಗಳು ಗೋಡೆಗೆ ಒರಗಿ ಕೂತಿದ್ದಳು. ನಿಂತುಕೊಂಡೇ ಹೇಳಿದೆ.

"ನನಗ ಓದಾಕ ಬರೂದಿಲ್ಲ. ನಿನ್ನ ಕಾರ್ಡ ಓದಿದೆ ಅಂತ ನಿಮ್ಮವ್ವಗ ನಾ ಸುಳ್ಳ ಹೇಳೇನಿ."

ಕಾಕುವಿಗೆ ಅರ್ಥವಾಗಲಿಲ್ಲ. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆರನೇ ಇಯತ್ತೆ ಹುಡುಗಿಗಿ ಓದಾಕ ಬರೂದಿಲ್ಲಂದ್ರ ಯಾರು ನಂಬ್ತಾರ? ಹಿಂಗ ಹೇಳು ಅಂತ ನಮ್ಮವ್ವ ಕಲಿಸಿ ಕಳಿಸ್ಯಾಳೇನು?"

ಎದ್ದು ತಂತಿಯಿಂದ ಮೊದಲನೆಯ ಕಾರ್ಡು ಕಿತ್ತು ತಂದು ನನ್ನ ಮುಂದೆ ಇಟ್ಟಳು. ಓದು ಎಂದಳು. ನಾನು ಕೂತೆ. ರೂಢಿಯಂತೆ ತೀರ್ಥರೂಪ ತಾಯಿಯವರ ಪಾದಗಳಿಗೆ ಎಂದು ನನ್ನ ಬಾಯಿ ಸರಾಗವಾಗಿ ಓಡಿತು. ಅವಳ ಮುಖ ಗಟ್ಟಿಯಾಯಿತು. ಬರುತ್ತದಲ್ಲ ಎಂದು ಆ ಮುಖ ಹೇಳುತ್ತಿತ್ತು. ಅಷ್ಟು ವರ್ಷ ಯಾವುದನ್ನು ಕಂಡವರಿಂದೆಲ್ಲ ಬಚ್ಚಿಟ್ಟಿದ್ದೆನೋ ಅದನ್ನೇ ಈಗ ಬಿಚ್ಚಿ ತೋರಿಸಬೇಕಿತ್ತು, ತೋರಿಸದಿದ್ದರೆ ಕಾಕು ಸುಳ್ಳುಗಾತಿಯಾಗುತ್ತಿದ್ದಳು.

ಬಾಯಿಪಾಠ ಬಿಟ್ಟು, ನಿಜವಾಗಿ ಅಕ್ಷರದ ಮೇಲೆ ಬೆರಳಿಟ್ಟೆ. ಕ. ಕಾ. ಕಾಲ. ಮುಂದಿನದು ವಾ ಇರಬಹುದು, ಅಲ್ಲ, ಬಾ. ಬೆರಳು ಹಿಂದೆ ಬಂತು, ಮುಂದೆ ಹೋಯಿತು. ಒಂದೇ ಮಾತನ್ನು ಮೂರು ಸಲ ಕೂಡಿಸಿದೆ, ಮೂರು ಸಲವೂ ಬೇರೆಯಾಯಿತು. ಕಣ್ಣಲ್ಲಿ ನೀರು ಬಂದು ಇದ್ದ ಅಕ್ಷರವೂ ಕಾಣದಾಯಿತು. ಆದರೂ ಬಿಡಲಿಲ್ಲ, ಎರಡನೆಯ ಸಾಲು ದಾಟಲೂ ಇಲ್ಲ. ಅವಳು ನನ್ನ ಮುಖ ಬಿಟ್ಟು ಬೆರಳನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಆ ಬೆರಳು ಹಿಡಿದು ಮೆಲ್ಲಗೆ ಸರಿಸಿದಳು.

ಕಾರ್ಡು ಎತ್ತಿಕೊಂಡು, ತಾಯಿಯ ಕಡೆ ತಿರುಗಿ, ತಾನು ಬರೆದದ್ದನ್ನು ತಾನೇ ಓದತೊಡಗಿದಳು. ಕಾಲು ಬಾತಿವೆ. ಕುಬಸದ ಮಾತು ಇಲ್ಲಿ ಯಾರೂ ಎತ್ತುವುದಿಲ್ಲ. ನೀರಿನ ಕೊಡ ಹೊರಲಾಗುತ್ತಿಲ್ಲ. ನನಗೆ ಅಂಜಿಕೆಯಾಗುತ್ತದೆ ಅವ್ವಾ, ಒಂಬತ್ತರ ತನಕ ಕಾಯಬೇಡ, ಬೇಗ ಬಂದು ಕರಕೊಂಡು ಹೋಗು.

ಕಾಕು ಎದ್ದು ನಿಂತಳು. ಆ ಕಾರ್ಡು ಈಗಷ್ಟೇ ಬಂದಿದೆಯೇನೋ ಎಂಬಂತೆ ಸೆರಗು ಬಿಗಿದು ನಡುವಿಗೆ ಸಿಕ್ಕಿಸಿಕೊಂಡು, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

"ಬಂದೆ ನನ್ನವ್ವಾ," ಎಂದಳು. "ಈಗ ಹೊಂಟೇನಿ."